ಕಾಲಿಂಗ್ ಬೆಲ್ಲಿನ ತಂತಿ

ಮೇಷ್ಟ್ರ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ಗಂಟಲಿನಲ್ಲಿ ಒಂದು ತೊಂದರೆ ಶುರುವಾಗುತ್ತದೆ. ಸೀಮೆಸುಣ್ಣದ ಪುಡಿಯಿಂದ ಬರುವ ಕೆಮ್ಮಲ್ಲ, ಅದಕ್ಕೆ ಕಷಾಯ ಇದೆ. ಇದು ಬೇರೆ. 'ಗೊತ್ತಿಲ್ಲ' ಎಂಬ ಮೂರಕ್ಷರದ ಶಬ್ದ ಆ ಗಂಟಲಿನಿಂದ ಹೊರಡುವುದೇ ಇಲ್ಲ. ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ "ಶೃಂಗೇರಿ ಬಸ್ಸು ಹೋಯ್ತಾ?" ಎಂದು ಕೇಳಿದರೆ, ನಾನು ಆಗಷ್ಟೇ ಅಲ್ಲಿಗೆ ಬಂದಿದ್ದರೂ, "ಇನ್ನು ಐದು ನಿಮಿಷಕ್ಕೆ ಬರುತ್ತೆ" ಎಂದುಬಿಡುತ್ತೇನೆ. ಒಮ್ಮೆ ಒಂದು ಮದುವೆ ಮನೆಯಲ್ಲಿ ಅಡುಗೆಯವರು ತಮ್ಮತಮ್ಮಲ್ಲೇ ಮಿಡಿ ಉಪ್ಪಿನಕಾಯಿಗೆ ಉಪ್ಪು ಎಷ್ಟು ಎಂದು ಮಾತಾಡಿಕೊಳ್ಳುತ್ತಿದ್ದಾಗ, ಯಾರೂ ಕೇಳದಿದ್ದರೂ ಉಪ್ಪುನೀರಿನ ಸಾಂದ್ರತೆಯ ಬಗ್ಗೆ ಹತ್ತು ನಿಮಿಷ ಮಾತಾಡಿದ್ದೆ. ಆ ಉಪ್ಪಿನಕಾಯಿ ಏನಾಯಿತೆಂದು ವಿಚಾರಿಸುವ ಧೈರ್ಯ ಇವತ್ತಿಗೂ ಬಂದಿಲ್ಲ. ಉಪ್ಪಿನಕಾಯಿಯ ಮಟ್ಟಿಗೇ ಇದು ನಿಂತಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ನನ್ನ ಈ ಗಂಟಲಿನ ದೆಸೆಯಿಂದ ಒಂದು ವಿಮಾನ ಹಾಳಾಯಿತು.

ವಿಮಾನ ಎಂದರೆ ನಂಬಬೇಕು, ನಿಜವಾದ ವಿಮಾನವೇ. ಅದನ್ನು ಕಟ್ಟಿದವರು ನರಸಿಂಹರಾಜಪುರದ ವಿಶ್ವಣ್ಣ. ವಾಯುಪಡೆಯಲ್ಲಿ ಫಿಟ್ಟರ್ ಆಗಿದ್ದು, ನಿವೃತ್ತರಾಗಿ ಊರಿಗೆ ಬಂದು ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡವರು. ಹದಿನೈದು ವರ್ಷ ಬೇರೆಯವರು ಹಾರುವ ವಿಮಾನಗಳ ಬೋಲ್ಟು ಬಿಗಿದವರಿಗೆ, ತಾವೂ ಒಮ್ಮೆ ಮೇಲಿನಿಂದ ಭದ್ರೆಯ ಹಿನ್ನೀರನ್ನು ನೋಡಬೇಕು ಎಂದು ಅನಿಸಿದ್ದರಲ್ಲಿ ತಪ್ಪೇನೂ ಇಲ್ಲ. ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಅಲ್ಯೂಮಿನಿಯಂ ಕೊಳವೆಗಳಿಂದ ಎರಡು ಸೀಟಿನ ವಿಮಾನದ ಮೈ ಕಟ್ಟಿದರು. ರೆಕ್ಕೆಗೆ ಬಟ್ಟೆ ಹೊಲಿದವರು ಅವರ ಹೆಂಡತಿ ಶಾರದಕ್ಕ. ಊರಿನ ಅರ್ಧ ಹೆಂಗಸರ ರವಿಕೆ ಹೊಲಿಯುತ್ತಿದ್ದ ಶಾರದಕ್ಕ ಮೂರು ವರ್ಷ ಬಿಡುವಾದಾಗಲೆಲ್ಲ ರೆಕ್ಕೆ ಹೊಲಿದರು. "ರವಿಕೆ ಆದ್ರೆ ಬಿಗಿ ಆಯ್ತು ಅಂತ ಬಂದು ಬೈತಾರೆ, ಇದು ಬಿಗಿ ಇಲ್ದಿದ್ರೆ ಬೈಯೋಕೆ ನಾವೇ ಇರಲ್ಲ" ಎಂದು ನಗುತ್ತಿದ್ದರು. ಎರಡನೆಯ ಸೀಟು ಅವರದೇ ಎಂದು ಮೊದಲೇ ತೀರ್ಮಾನವಾಗಿತ್ತು.

ಎಂಜಿನ್ನು ಮುಂಬಯಿಯ ಗುಜರಿಯಿಂದ ಬಂದದ್ದು, ಯಾವುದೋ ಜಪಾನಿ ಕಾರಿನದು. ಅದರಲ್ಲಿ ಪಿಸ್ಟನ್ನೇ ಇಲ್ಲ. ತ್ರಿಕೋನದ ಒಂದು ಉಂಡೆ ಒಳಗೆ ಗಿರಗಿರ ತಿರುಗುತ್ತದೆ. ಅದಕ್ಕೇ ರೋಟರಿ ಎನ್ನುತ್ತಾರೆ. ಆ ತ್ರಿಕೋನದ ಮೂರು ಮೂಲೆಗಳಲ್ಲಿ ಬೆರಳುದ್ದದ ಸೀಲುಗಳು. ಅವು ಸರಿಯಾಗಿ ಕೂತರೆ ಎಂಜಿನ್ನು, ಇಲ್ಲದಿದ್ದರೆ ಬರೀ ಕಬ್ಬಿಣ. ಜೊತೆಗೊಂದು ಟರ್ಬೊ. ಎಂಜಿನ್ ಉಗುಳುವ ಬಿಸಿ ಹೊಗೆಯಿಂದಲೇ ಒಂದು ಪುಟ್ಟ ಚಕ್ರ ತಿರುಗಿಸಿ, ಅದರ ಬಲದಿಂದ ಎಂಜಿನ್ನಿನೊಳಗೆ ಹೆಚ್ಚು ಗಾಳಿ ನೂಕುವ ಸಾಧನ. ಈ ಎಂಜಿನ್ನಿನ ಹೊಗೆ ಸಾಮಾನ್ಯ ಎಂಜಿನ್ನಿನ ಹೊಗೆಗಿಂತ ಬಹಳ ಬಿಸಿ. ಪೆಟ್ರೋಲು ಧಾರಾಳವಾಗಿ ಕೊಟ್ಟರೆ ಸ್ವಲ್ಪ ತಂಪು, ಆದರೆ ಟ್ಯಾಂಕು ಬೇಗ ಖಾಲಿ. ಉಳಿಸಲು ಕೈ ಬಿಗಿ ಹಿಡಿದರೆ ಕಾವು ಏರುತ್ತದೆ. ಮಿತಿ ಮೀರಿದರೆ ಟರ್ಬೊ ಸುಟ್ಟು, ಸೀಲು ಹೋಗಿ, ಎಲ್ಲ ಮುಗಿಯುತ್ತದೆ. ಆದ್ದರಿಂದ ಹೊಗೆಯ ಉಷ್ಣತೆ ಅಳೆಯುವ ಮೀಟರ್ ಬೇಕೇ ಬೇಕು. ಅಳೆಯುವುದು ಎಂದ ಕೂಡಲೇ ವಿಶ್ವಣ್ಣನಿಗೆ ನೆನಪಾದದ್ದು ಕೊಪ್ಪದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುವ ನಾನು.

ನಾನು ಕುಣಿದಾಡಿಬಿಟ್ಟೆ. ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿ ಬೆಸೆದು ಕಾಯಿಸಿದರೆ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನು ಅಳೆದರೆ ಕಾವು ಗೊತ್ತಾಗುತ್ತದೆ. ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು ಅಳಿಸುವ ಪಾಠ. ಬೆಂಗಳೂರಿನಿಂದ ಅಂಥದೊಂದು ತಂತಿಯನ್ನೂ ಅದಕ್ಕೆ ತಕ್ಕ ಮೀಟರನ್ನೂ ತರಿಸಿದೆ. ಅದು ಸರಿಯಾಗಿ ತೋರಿಸುತ್ತದೆಯೋ ಇಲ್ಲವೋ ನೋಡಲು ಶೃಂಗೇರಿಯ ಅಕ್ಕಸಾಲಿಗರೊಬ್ಬರ ಅಂಗಡಿಗೆ ಹೋದೆವು. ಬೆಳ್ಳಿ ಕರಗುವುದು ಒಂಬೈನೂರ ಅರವತ್ತರ ಆಸುಪಾಸಿನಲ್ಲಿ. ಮೂಸೆಯಲ್ಲಿ ಬೆಳ್ಳಿ ನೀರಾಗುವ ಹೊತ್ತಿಗೆ ಮೀಟರೂ ಅಷ್ಟನ್ನೇ ತೋರಿಸಿತು. ವಿಶ್ವಣ್ಣ ನನ್ನ ಕೈ ಹಿಡಿದು ಕುಲುಕಿ, "ಓದಿದವರು ಓದಿದವರೇ ಮಾರಾಯ್ರೆ" ಎಂದರು. ಆ ಮಾತು ನನ್ನ ತಲೆಗೆ ಏರಿದಷ್ಟು ಬೇಗ ಯಾವ ಮೀಟರಿನ ಮುಳ್ಳೂ ಏರಿರಲಾರದು.

ವಿಮಾನಕ್ಕೆ ಜೋಡಿಸುವಾಗ ತಂತಿ ಗಿಡ್ಡವಾಯಿತು. ಎಂಜಿನ್ನಿನಿಂದ ಸೀಟಿನ ಮುಂದಿನ ಹಲಗೆಗೆ ಬರಲು ಇನ್ನೂ ಎರಡು ಮೀಟರ್ ಬೇಕಿತ್ತು. ನಮ್ಮ ಮನೆಗೆ ಕಾಲಿಂಗ್ ಬೆಲ್ ಹಾಕಿಸಿದಾಗ ಉಳಿದಿದ್ದ ತಾಮ್ರದ ತಂತಿ ನನ್ನ ಚೀಲದಲ್ಲೇ ಇತ್ತು. ಎಂಜಿನ್ನಿನ ಪಕ್ಕದಲ್ಲೇ ಗಂಟು ಹಾಕಿ ಸೇರಿಸಿದೆ. ವಿಶ್ವಣ್ಣ ತಲೆ ಕೆರೆದುಕೊಂಡು, "ನಾವು ಅಲ್ಲಿ ಕೆಲ್ಸ ಮಾಡುವಾಗ ಇದಕ್ಕೆ ಬೇರೆಯದೇ ತಂತಿ ಹಾಕ್ತಿದ್ರಪ್ಪ. ಇದು ನಡಿಯುತ್ತಾ ಮೇಷ್ಟ್ರೇ?" ಎಂದು ಕೇಳಿದರು.

ಆ ಕ್ಷಣಕ್ಕೆ ನನಗೆ ಖಂಡಿತವಾಗಿ ಗೊತ್ತಿರಲಿಲ್ಲ. ಆದರೆ ನನ್ನ ಗಂಟಲಿನ ವಿಷಯ ಮೊದಲೇ ಹೇಳಿದ್ದೇನಲ್ಲ. "ವಿಶ್ವಣ್ಣ, ಕರೆಂಟಿಗೆ ಎಲ್ಲ ತಂತಿಯೂ ಒಂದೇ" ಎಂದೆ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಎನ್.ಆರ್. ಪುರದ ಕಡೆ ಉದ್ದಕ್ಕೆ ಹುಲ್ಲಿನ ಬಯಲು ತೆರೆದುಕೊಳ್ಳುತ್ತದೆ. ಹಾರುವುದೇನಿದ್ದರೂ ಅನುಮತಿ ಬಂದ ಮೇಲೆ. ಅದಕ್ಕೂ ಮುಂಚೆ ಎಂಜಿನ್ನನ್ನು ಪೂರ್ತಿ ವೇಗದಲ್ಲಿ ಓಡಿಸಿ ನೋಡೋಣ ಎಂದು ಒಂದು ಬೆಳಿಗ್ಗೆ ವಿಮಾನವನ್ನು ಅಲ್ಲಿಗೆ ಎಳೆದು ತಂದು, ಹಗ್ಗದಿಂದ ಒಂದು ಟ್ರ್ಯಾಕ್ಟರಿಗೆ ಬಿಗಿದೆವು. ಶಾರದಕ್ಕ ದೂರದಲ್ಲಿ ಸೆರಗು ಬಿಗಿದು ನಿಂತಿದ್ದರು. ವಿಶ್ವಣ್ಣ ಸೀಟಿನಲ್ಲಿ, ಪಕ್ಕದಲ್ಲಿ ಮೀಟರ್ ಓದುವ ನಾನು. ಎಂಜಿನ್ ಶುರುವಾದಾಗ ಬಯಲಿನ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ರೆಕ್ಕೆಯ ಬಟ್ಟೆ ನಡುಗಿತು. ಒಂಬೈನೂರು ದಾಟಬಾರದು ಎಂದು ನಾವು ಮಿತಿ ಹಾಕಿಕೊಂಡಿದ್ದೆವು. ಮೀಟರ್ ಎಂಟುನೂರ ಐವತ್ತು ತೋರಿಸುತ್ತಿತ್ತು. "ಇನ್ನೂ ಜಾಗ ಇದೆ, ಪೆಟ್ರೋಲು ಕಡಿಮೆ ಮಾಡಬಹುದು!" ಎಂದು ಕೂಗಿದೆ. ವಿಶ್ವಣ್ಣ ಕಡಿಮೆ ಮಾಡಿದರು. ಸ್ವಲ್ಪ ಹೊತ್ತಿಗೆ ಬಗ್ಗಿ ನೋಡಿ, "ಪೈಪು ಯಾಕೋ ಜಾಸ್ತಿ ಕೆಂಪಾಗಿದೆ ಮೇಷ್ಟ್ರೇ, ಶಬ್ದವೂ ಸಮ ಇಲ್ಲ. ನಿಲ್ಸೋಣ್ವಾ?" ಎಂದರು.

"ಕಣ್ಣು ಮೋಸ ಮಾಡುತ್ತೆ ವಿಶ್ವಣ್ಣ, ಮೀಟರ್ ಮೋಸ ಮಾಡಲ್ಲ!" ಎಂದೆ. ತರಗತಿಯಲ್ಲಿ ಹೇಳಿ ಹೇಳಿ ಬಾಯಿಪಾಠವಾದ ಮಾತು.

ಎರಡು ನಿಮಿಷವೂ ಆಗಲಿಲ್ಲ. ತಗಡು ಹರಿದಂಥ ಸದ್ದು ಬಂತು, ಬಿಳಿ ಹೊಗೆ ಕವಿಯಿತು, ಎಲ್ಲ ನಿಶ್ಶಬ್ದವಾಯಿತು. ಬೆಳ್ಳಕ್ಕಿಗಳು ಒಂದೊಂದೇ ವಾಪಸು ಬಂದು ಇಳಿದವು.

ಎಂಜಿನ್ ಬಿಚ್ಚಿದಾಗ ಟರ್ಬೊದ ಚಕ್ರ ಮೊಂಡಾಗಿತ್ತು, ಸೀಲುಗಳು ಚೂರಾಗಿದ್ದವು. ವಿಶ್ವಣ್ಣ ಆ ಚೂರುಗಳನ್ನು ಅಂಗೈಯಲ್ಲಿ ಇಟ್ಟುಕೊಂಡು ತುಂಬ ಹೊತ್ತು ನೋಡಿದರು. "ಮೀಟರ್ ಸರಿಯಾಗೇ ಇತ್ತು. ಅಂದ್ರೆ ನಾನು ಸೀಲು ಕೂರಿಸಿದ್ದೇ ತಪ್ಪು. ವಯಸ್ಸಾಯ್ತು ಮಾರಾಯ್ರೆ, ಕೈ ಕೆಟ್ಟಿದೆ" ಎಂದರು. ನಾನು ಅವರ ಬೆನ್ನು ತಟ್ಟಿ ಸಮಾಧಾನ ಹೇಳಿದೆ. ಹೌದು, ನಾನೇ ತಟ್ಟಿದೆ.

ಹದಿನೈದು ದಿನದ ನಂತರ ಕಾಲೇಜಿನಲ್ಲಿ ಪ್ರಥಮ ಪಿಯುಸಿಯ ಉತ್ತರ ಪತ್ರಿಕೆಗಳನ್ನು ತಿದ್ದುತ್ತಿದ್ದೆ. ಒಂದರಲ್ಲಿ ಕಾವಳೆಯುವ ತಂತಿಯ ಚಿತ್ರ ಬರೆದು, ಅದನ್ನು ಮೀಟರಿನವರೆಗೆ ತಾಮ್ರದ ತಂತಿಯಿಂದ ಉದ್ದ ಮಾಡಲಾಗಿತ್ತು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, 'ಗಂಟು ಬಿಸಿಯಾದರೆ ಮೀಟರ್ ಕಡಿಮೆ ತೋರಿಸುತ್ತದೆ, ಯೋಚಿಸಿ ಬರೆಯಬೇಕು' ಎಂದು ಬರೆದು ಸೊನ್ನೆ ಹಾಕಿದೆ. ಮುಂದಿನ ಪತ್ರಿಕೆ ಎತ್ತಿಕೊಳ್ಳಲು ಹೋದ ಕೈ ಅಲ್ಲೇ ನಿಂತಿತು. ಎಂಜಿನ್ನಿನ ಪಕ್ಕದ ನನ್ನ ಗಂಟು ನೂರು ಡಿಗ್ರಿಗೂ ಹೆಚ್ಚು ಕಾದಿರಬೇಕು. ಮೀಟರ್ ಅಷ್ಟನ್ನೂ ನುಂಗಿಕೊಂಡು ಎಂಟುನೂರ ಐವತ್ತು ಎನ್ನುತ್ತಿತ್ತು. ಪೈಪು ಜಾಸ್ತಿ ಕೆಂಪಾಗಿದೆ ಎಂದ ವಿಶ್ವಣ್ಣನ ಕಣ್ಣು ಸರಿಯಾಗಿತ್ತು.

ಆವತ್ತೇ ಹೋಗಿ ಹೇಳಬೇಕಿತ್ತು. ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಮಳೆ ಕಳೆಯಲಿ ಎಂದೆ. ನಾಲ್ಕು ವರ್ಷ ಕಳೆಯಿತು. ಅಷ್ಟರಲ್ಲಿ ವಿಶ್ವಣ್ಣ ಎಂಜಿನ್ ಕೆಲಸವನ್ನೇ ಬಿಟ್ಟರು. ಯಾರಾದರೂ ಪಂಪ್‌ಸೆಟ್ ತಂದರೆ "ನನ್ನ ಕೈ ಸರಿ ಇಲ್ಲ, ಕೊಪ್ಪಕ್ಕೆ ತಗೊಂಡು ಹೋಗಿ" ಎಂದು ಕಳಿಸಿ, ಬರೀ ಪೈಪು, ವಾಷರು ಮಾರುತ್ತಾ ಕೂತರು. ವಿಮಾನದ ಮೈ ಯಾವುದೋ ಕಾಲೇಜಿಗೆ ಮಾದರಿಯಾಗಿ ಹೋಯಿತು. ರೆಕ್ಕೆಯ ಬಟ್ಟೆ ಅಡಕೆ ಒಣಗಿಸುವವರ ಅಂಗಳ ಸೇರಿತು. ನನ್ನ ಹೆಂಡತಿ ಜಯಂತಿಗೆ ಮಾತ್ರ ನಿಜ ಗೊತ್ತಿತ್ತು. ಅವಳು ಹಬ್ಬಕ್ಕೊಮ್ಮೆ, "ಹೇಳಿದ್ರಾ?" ಎಂದು ಕೇಳುತ್ತಿದ್ದಳು.

ಕೊನೆಗೊಂದು ಭಾನುವಾರ ಹೋದೆ. ಅಂಗಡಿಯ ಬೆಂಚಿನ ಮೇಲೆ ಕೂತು, ಶಾರದಕ್ಕ ಕೊಟ್ಟ ಕಾಫಿ ಕುಡಿದು, ಕಾಗದ ಕೇಳಿ ಪಡೆದು ಚಿತ್ರ ಬರೆದೆ. ಇದು ಮೊದಲ ಲೋಹ, ಇದು ಎರಡನೆಯದು, ಇದು ನನ್ನ ಗಂಟು, ಇಲ್ಲಿ ಇಷ್ಟು ಕಾವು, ಆದ್ದರಿಂದ ಮೀಟರ್ ಇಷ್ಟು ಕಡಿಮೆ. ಮುಕ್ಕಾಲು ಗಂಟೆ ವಿವರಿಸಿದೆ. ವಿಶ್ವಣ್ಣ ತಮ್ಮ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಅಂದ್ರೆ ಸೀಲು ನಾನು ಸರಿಯಾಗೇ ಕೂರ್ಸಿದ್ದೆ."

"ಹೌದು ವಿಶ್ವಣ್ಣ."

ಶಾರದಕ್ಕ ಬಾಗಿಲಲ್ಲಿ ನಿಂತಿದ್ದರು. "ವಿಮಾನ ಹೋಗಿದ್ದು ಹೋಯ್ತು. ನಾಲ್ಕು ವರ್ಷ ಇವರು ಒಂದು ಸ್ಪ್ಯಾನರ್ ಮುಟ್ಲಿಲ್ಲ ಮೇಷ್ಟ್ರೇ" ಎಂದಷ್ಟೇ ಹೇಳಿ ಲೋಟ ತೆಗೆದುಕೊಂಡು ಒಳಗೆ ಹೋದರು. ವಿಶ್ವಣ್ಣ ಎದ್ದು, ಯಾರೋ ಇಟ್ಟುಹೋಗಿದ್ದ ಕೆಟ್ಟ ಪಂಪ್‌ಸೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಿಚ್ಚತೊಡಗಿದರು. ನಾನು ಹಿಡಿದುಕೊಳ್ಳಲು ಕೈ ಚಾಚಿದೆ. "ಬೇಡ ಮೇಷ್ಟ್ರೇ, ನೀವು ಕೂತ್ಕೊಳ್ಳಿ" ಎಂದರು, ಮೆತ್ತಗೆ. ಅದು ಓಡತೊಡಗಿದಾಗ ಅವರು ತಿರುಗಿ ನೋಡಲಿಲ್ಲ. ಕಿವಿ ಕೊಟ್ಟು ಕೇಳುತ್ತಲೇ ಇದ್ದರು.

ಕೊಪ್ಪದ ಬಸ್ಸಿನಲ್ಲಿ ಎದೆಯಿಂದ ಕಲ್ಲು ಇಳಿದಂತೆ ಹಗುರಾಗಿದ್ದೆ. ಮನೆಗೆ ಬಂದವನೇ ಜಯಂತಿಗೆ ಎಲ್ಲವನ್ನೂ ವರದಿ ಮಾಡಿದೆ. ಚಿತ್ರ ಎಷ್ಟು ಸ್ಪಷ್ಟವಾಗಿ ಬಂದಿತ್ತು ಎಂಬುದನ್ನೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿ, "ತಪ್ಪಾಯ್ತು ಅಂದಿದ್ದಕ್ಕೆ ಅವರು ಎಂತ ಹೇಳಿದ್ರು?" ಎಂದಳು.

ನಾನು ಮುಕ್ಕಾಲು ಗಂಟೆಯ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಮನಸ್ಸಿನಲ್ಲೇ ಎರಡು ಸಲ ಓಡಿಸಿ ನೋಡಿದೆ. ಲೋಹ ಇತ್ತು, ಗಂಟು ಇತ್ತು, ಡಿಗ್ರಿ ಇತ್ತು, ಬಾಣದ ಗುರುತೂ ಇತ್ತು. ಆ ಒಂದು ಮಾತು ಎಲ್ಲಿಯೂ ಇರಲಿಲ್ಲ. ಬರುವ ಭಾನುವಾರ ಮತ್ತೆ ಹೋಗಿ ಹೇಳಿಬರಬೇಕು ಎಂದುಕೊಂಡಿದ್ದೇನೆ. ಇದು ಎಷ್ಟನೆಯ ಬರುವ ಭಾನುವಾರ ಎಂದು ಜಯಂತಿ ಇನ್ನೂ ಕೇಳಿಲ್ಲ.