ಮುಂದಿನ ಸೀಟಿನ ಬಾಳೆಗೊನೆ

ನನ್ನ ಸೋದರಮಾವನಿಗೆ ಹೆಂಡತಿಗಿಂತ ಬಾಳೆಗೊನೆಯ ಮೇಲೆ ಪ್ರೀತಿ ಹೆಚ್ಚು ಎಂದರೆ ನೀವು ನಂಬುವುದಿಲ್ಲ. ಬೇಕಾದರೆ ಹೊಸಪೇಟೆಯ ನಮ್ಮ ಓಣಿಗೆ ಬಂದು ನೋಡಿ. ಮಾವನ ಬಿಳಿ ಕಾರು ಹೊರಟಿತೆಂದರೆ ಮುಂದಿನ ಎಡಗಡೆ ಸೀಟಿನಲ್ಲಿ ಕಮಲಾಪುರದ ಸುಗಂಧಿ ಬಾಳೆಯ ಗೊನೆಯೊಂದು ಎದೆಗೆ ಸೀಟ್ ಬೆಲ್ಟ್ ಬಿಗಿದುಕೊಂಡು, ಜಿಲ್ಲಾಧಿಕಾರಿಗಳ ಗತ್ತಿನಲ್ಲಿ ಕುಳಿತಿರುತ್ತದೆ. ಕೈ ಹಿಡಿದ ಹೆಂಡತಿ ಹಿಂದಿನ ಸೀಟಿನಲ್ಲಿ!

ಕಾರೇನು ಸಾಮಾನ್ಯದ್ದೇ? ಅದಿರಿನ ಭರಾಟೆಯ ಕಾಲದಲ್ಲಿ ಸಂಡೂರಿನ ಗಣಿ ಧಣಿಯೊಬ್ಬರು ತರಿಸಿದ್ದ ವಿದೇಶಿ ಎಸ್‌ಯುವಿ. ಮಾವ ಆಗ ಅವರ ಅದಿರು ಲಾರಿ ಓಡಿಸುತ್ತಿದ್ದ. ಆ ಕಾರು ಎದುರಿಗೆ ಬಂದರೆ ಲಾರಿಯನ್ನು ಬದಿಗೆ ಒತ್ತಿ ಸಲಾಂ ಹೊಡೆಯುತ್ತಿದ್ದ. ಗಣಿಗಳು ಮುಚ್ಚಿದವು, ಕಾರು ನಾಲ್ಕಾರು ಕೈ ಬದಲಾಯಿಸಿತು, ಕೊನೆಗೆ ಮಾವನ ಮನೆಯ ಮುಂದೆ ಬಂದು ನಿಂತಿತು. ಇಂಥ ಕಾರನ್ನು ಇಷ್ಟು ಅಗ್ಗಕ್ಕೆ ಯಾಕೆ ಕೊಟ್ಟರು ಎಂದು ಮನೆಮಂದಿಯೆಲ್ಲ ಕೇಳಿದರು. ಕೇಳದೆ ಇದ್ದವನು ಮಾವ ಒಬ್ಬನೇ.

ಉತ್ತರ ಮೊದಲ ವಾರದಲ್ಲೇ ಸಿಕ್ಕಿತು. ನೆಂಟರನ್ನು ಹತ್ತಿಸಿಕೊಂಡು ಹಂಪಿಗೆ ಹೋಗಿದ್ದೆವು. ಕಾರು ನಿಲ್ಲಿಸಿ ಗುಡಿಗೆ ಹೋಗಿ ಬರುವಷ್ಟರಲ್ಲಿ ಅದು ನೆಲಕ್ಕೆ ಹೊಟ್ಟೆ ಹಚ್ಚಿ ಕುಳಿತುಬಿಟ್ಟಿತ್ತು! ಗಾಳಿಯ ಮೇಲೆ ನಿಲ್ಲುವ ಸಸ್ಪೆನ್ಷನ್ನಂತೆ. ಗಾಳಿ ಸೋರಿದರೆ ಕಾರು ಕುಸಿಯುತ್ತದೆ. ಇಂಥ ಹಳೆಯ ಕಾರು ಕೊಂಡವರೆಲ್ಲರದೂ ಇದೇ ಗೋಳು ಎಂದು ಮೊಬೈಲಿನಲ್ಲಿ ಓದಿ ಹೇಳಿದೆ. ಸುತ್ತ ನಿಂತಿದ್ದ ಆಟೋದವರು ಕಿಸಿಕಿಸಿ ನಕ್ಕರು. ಮಾವ ಜಗ್ಗುತ್ತಾನೆಯೇ?

“ನಗಬ್ಯಾಡ್ರಿ. ದೇವರ ಮುಂದ ನಾವು ತಲಿ ಬಗ್ಗಸ್ತೀವಿ, ಇದು ಮೈಯೆಲ್ಲ ಬಗ್ಗಸ್ತತಿ. ನಿಮ್ಮ ಆಟೋಕ್ಕ ಐತೇನು ಇಷ್ಟು ಭಕ್ತಿ?”

ಆಮೇಲೆ ನನ್ನ ರಟ್ಟೆ ಹಿಡಿದು ದೂರ ಎಳೆದುಕೊಂಡು ಹೋಗಿ ಪಿಸುಗುಟ್ಟಿದ: “ಲೇ, ಗಾಡಿ ಮುಂದ ಗಾಡಿ ಬೈಬಾರ್ದು. ಕೇಳಿಸ್ಕೊಂತತಿ. ಘಟ್ಟದಾಗ ಸೇಡು ತೀರಿಸ್ಕೊಂತತಿ.”

ಇದು ಮಾವನ ಲಾರಿಯ ಕಾಲದ ಕಾನೂನು. ಗಾಡಿಯ ಕೊರತೆಯನ್ನು ಗಾಡಿಯ ಮುಂದೆಯೂ ಆಡಬಾರದು, ಮನೆಯ ಹೆಂಗಸರ ಮುಂದೆಯೂ ಆಡಬಾರದು. ಹೊರಡುವ ಗಾಡಿಗೆ ಅದು ಅಪಶಕುನವಂತೆ. ಹೀಗಾಗಿ ಕಾರಿನ ಕಾಯಿಲೆಗಳ ಚರ್ಚೆ ಏನಿದ್ದರೂ ಓಣಿಯ ತುದಿಯ ಬೇವಿನ ಮರದ ಕೆಳಗೆ ನಡೆಯುತ್ತದೆ. ನಾವು ಆ ಮರದ ಕೆಳಗೆ ನಿಂತಷ್ಟು ಹೊತ್ತು ಕಾರಿನೊಳಗೆ ಕುಳಿತಿದ್ದೇ ಇಲ್ಲ!

ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪಗಳು ಒಂದರ ಮೇಲೊಂದು ಹತ್ತತೊಡಗಿದವು, ಹಳದಿ ಕೆಲವು, ಕೆಂಪು ಕೆಲವು. ಮಾವ ಅತ್ತೆಯ ಬಿಂದಿ ಪ್ಯಾಕೆಟ್ ತಂದು, ದೀಪಕ್ಕೊಂದರಂತೆ ಅಂಟಿಸಿದ. ಕಾರು ಸರಿಹೋಯಿತು! ಅತ್ತೆ ಮಾತ್ರ ಆ ವಾರವೆಲ್ಲ ಕುಂಕುಮದಲ್ಲೇ ಸುಧಾರಿಸಿಕೊಂಡಳು.

ಆಮೇಲೆ ಮಳೆಗಾಲ ಬಂತು. ಸಂಡೂರಿನ ಕೆಂಪು ದೂಳು ಸನ್‌ರೂಫಿನ ನೀರು ಹರಿಯುವ ಕೊಳವೆಗಳನ್ನು ಎಂದೋ ಕಟ್ಟಿಹಾಕಿತ್ತು. ಸಂಡೂರಿನ ದಾರಿಯಲ್ಲಿ ಮಳೆ ಹಿಡಿದಾಗ ಒಳಗೆ ಕೆಂಪು ನೀರು ತೊಟ್ಟಿಕ್ಕಿತು. ಎಲ್ಲಿ? ಹಿಂದಿನ ಸೀಟಿನ ಮೇಲೆ. ಅತ್ತೆ ಛತ್ರಿ ಬಿಚ್ಚಿ ಕುಳಿತಳು. ಮುಚ್ಚಿದ ಐಷಾರಾಮಿ ಕಾರಿನೊಳಗೆ ಛತ್ರಿ ಹಿಡಿದು ಕುಳಿತ ಹೆಂಗಸನ್ನು ನೀವೆಲ್ಲಾದರೂ ಕಂಡಿದ್ದೀರಾ? ಮುಂದೆ ಗೊನೆ ಒಂದು ಹನಿಯೂ ತಾಗದೆ ಬೆಚ್ಚಗಿತ್ತು.

“ನೋಡ್ರೀ, ನಾ ಮುಂದ ಬರ್ಲೇನು?” ಎಂದು ಅತ್ತೆ ಕೇಳಿದಳು.

“ಬ್ಯಾಡ. ಹಿಂದಿಟ್ರ ಕಾಯಿ ಜಜ್ಜತಾವು.”

“ನಾ ಜಜ್ಜಿದ್ರ ನಡೀತತಿ?”

ಮಾವ ರೇಡಿಯೋದ ಸದ್ದು ಏರಿಸಿದ.

ಅತ್ತೆಯದು ದೊಡ್ಡ ಆಸೆಯೇನಲ್ಲ. ಅವಳ ತವರು ಕಂಪ್ಲಿ. ಅಲ್ಲಿಗೆ ಅವಳ ತಂಗಿ ಸಣ್ಣ ಕಾರಿನಲ್ಲಿ ಬಂದರೂ ಗಂಡನ ಪಕ್ಕದ ಸೀಟಿನಿಂದ ಸೆರಗು ಸರಿಮಾಡಿಕೊಳ್ಳುತ್ತ ಇಳಿಯುತ್ತಾಳೆ. ಇಷ್ಟು ದೊಡ್ಡ ಕಾರಿನ ಒಡತಿ ಮಾತ್ರ ಹಿಂದಿನ ಬಾಗಿಲಿನಿಂದ ಇಳಿಯಬೇಕು, ಅದೂ ಗೊನೆ ಇಳಿದ ಮೇಲೆ! ತವರಿನ ಓಣಿಯಲ್ಲಿ ಒಂದೇ ಒಂದು ಸಲ ಮುಂದಿನ ಬಾಗಿಲಿನಿಂದ ಇಳಿಯಬೇಕೆಂದು ಅವಳು ನನ್ನ ಹತ್ತಿರ ಎಷ್ಟು ಸಲ ಹೇಳಿಕೊಂಡಳೋ. ನನಗೆ ಮಾವನ ಮೇಲೆ ಸಿಟ್ಟು ಬರುತ್ತಿತ್ತು. ಧಣಿಯ ಕಾರಿನ ಜೊತೆಗೆ ಧಣಿಯ ಸೊಕ್ಕೂ ಬಿಟ್ಟಿಯಾಗಿ ಬಂದಿದೆ ಎಂದುಕೊಂಡಿದ್ದೆ.

ಸಾಲದ್ದಕ್ಕೆ ಹುಬ್ಬಳ್ಳಿಯಿಂದ ಫೋನು ಬರುವುದು ಶುರುವಾಯಿತು. ಫೋನು ಬಂದರೆ ಸಾಕು, ಮಾವ ಊಟದ ತಟ್ಟೆ ಬಿಟ್ಟೆದ್ದು ಬೇವಿನ ಮರದ ಕಡೆ ಓಡುತ್ತಿದ್ದ. “ಇನ್ನೂ ಬಂದಿಲ್ಲೇನ್ರಿ? ಜಲ್ದಿ ತರಸ್ರಿ, ಕೈ ಮುಗಿತೀನಿ” ಎಂದು ಬೇಡಿಕೊಳ್ಳುವುದು ಕಿವಿಗೆ ಬೀಳುತ್ತಿತ್ತು. ಅತ್ತೆ ನನ್ನನ್ನು ಕರೆದು ಕೇಳಿದಳು: “ತಮ್ಮಾ, ಹುಬ್ಬಳ್ಯಾಗ ನಿಮ್ಮ ಮಾವಗ ಯಾರದಾರ? ಮುಂದಿನ ಸೀಟು ಆಕಿಗೇನು?”

ಕೊನೆಗೊಂದು ದಿನ ಮಾವ ನಮ್ಮಿಬ್ಬರನ್ನೂ ಹೊರಡಿಸಿ ಹುಬ್ಬಳ್ಳಿಗೆ ಕಾರು ಬಿಟ್ಟ. ಹೋಗಿ ನಿಂತದ್ದು ಕಂಪನಿಯ ಸರ್ವಿಸ್ ಸೆಂಟರಿನ ಮುಂದೆ. ಅತ್ತೆ ಎಸಿ ಕೋಣೆಯಲ್ಲಿ ಬಿಟ್ಟಿ ಕಾಫಿ ಕುಡಿಯುತ್ತ ಕುಳಿತಳು. ಸಂಜೆ ಅಲ್ಲಿಯ ಸಿಬ್ಬಂದಿಯೊಬ್ಬರು ಹೊರಗೆ ನಿಂತಿದ್ದ ಮಾವನ ಮತ್ತು ನನ್ನ ಹತ್ತಿರ ಬಂದರು.

“ಎಡಗಡೆ ಏರ್‌ಬ್ಯಾಗ್ ಬದಲಿ ಮಾಡೀವ್ರಿ. ರೀಕಾಲ್ ಕೆಲಸ, ತಪ್ಪು ಕಂಪನೀದು, ಚಾರ್ಜ್ ಏನಿಲ್ಲ. ಹಳೇದು ಉಬ್ಬುವಾಗ ಒಡದು, ಲೋಹದ ಚೂರು ಕುಂತವರ ಮುಖಕ್ಕ ಹಾರೋ ಅಪಾಯ ಇತ್ತು. ಸಾಮಾನು ಬರೂದು ತಡ ಆತು. ನೀವು ಫೋನಿನಾಗ ಕೇಳಿ ಕೇಳಿ ಸಾಕ್ ಮಾಡಿದ್ರಿ.”

“ಈಗ ಆ ಸೀಟಿನಾಗ ಕುಂದ್ರಬಹುದಾ?” ಎಂದ ಮಾವ.

“ಕುಂದ್ರಬಹುದ್ರಿ.”

“ನಿಮ್ಮ ಮನಿಯವರನ್ನ ಕುಂದ್ರಸ್ತೀರಿ?”

“ಧೈರ್ಯವಾಗಿ ಕುಂದ್ರಸ್ತೀನ್ರಿ.”

ನಾನು ಬಾಯಿ ತೆರೆಯುವ ಮೊದಲೇ ಮಾವ ಕಣ್ಣು ಕೆಕ್ಕರಿಸಿದ: “ನಿಮ್ಮತ್ತಿ ಮುಂದ ಬಾಯಿ ಬಿಟ್ಟೀ ಮತ್ತ!” ಲಾರಿಯ ಕಾನೂನು ಹುಬ್ಬಳ್ಳಿಯಲ್ಲೂ ಜಾರಿಯಲ್ಲಿತ್ತು.

ವಾಪಸು ಬರುವಾಗ ಸ್ಟೇರಿಂಗ್ ನನ್ನ ಕೈಗೆ ಬಂತು. ಯಾರಿಗೂ ಕಾರು ಮುಟ್ಟಗೊಡದ ಮಾವ ಎಡಗಡೆ ತಾನೇ ಕುಳಿತ, ಗೊನೆ ಹಿಂದೆ ಅತ್ತೆಯ ಪಕ್ಕ ಹೋಯಿತು. ಗದಗ ದಾಟುವವರೆಗೂ ಅವನು ಎದುರಿನ ಡ್ಯಾಶ್‌ಬೋರ್ಡನ್ನೇ ನೋಡುತ್ತ, ಮೈ ಬಿಗಿಹಿಡಿದು ಕುಳಿತಿದ್ದ. ರೋಡ್ ಹಂಪ್ ಬಂದರೆ “ಹಾರಿಸಲೇ, ನಿಧಾನ ಬ್ಯಾಡ” ಎನ್ನುತ್ತಿದ್ದ. ಆಗಲೇ ನನಗೆ ಹೊಳೆದದ್ದು. ಅತ್ತೆ ಕೂರುವ ಮುಂಚೆ ಆ ಜಾಗವನ್ನು ತನ್ನ ಮೈಯಿಂದಲೇ ಪರೀಕ್ಷೆ ಮಾಡುತ್ತಿದ್ದ! ಮುಂದಿನ ಹಂಪನ್ನು ಅವನು ಹೇಳುವ ಮೊದಲೇ ಹಾರಿಸಿದೆ.

ಕೊಪ್ಪಳದ ಹತ್ತಿರ ಕಾರು ನಿಲ್ಲಿಸಲು ಹೇಳಿದ. ಇಳಿದು ಹಿಂದಿನ ಬಾಗಿಲು ತೆಗೆದ.

“ಇಳಿ. ಮುಂದ ಬಾ. ಸೀದಾ ಕಂಪ್ಲಿಗೆ ಹೋಗಾಣು.”

ಅತ್ತೆಗೆ ನಂಬಿಕೆಯೇ ಬರಲಿಲ್ಲ. ಮುಂದೆ ಬಂದು ಸೀಟಿನ ಅಂಚಿನಲ್ಲಿ ಕುಳಿತಳು. ಮಾವ ಬಗ್ಗಿ ತಾನೇ ಬೆಲ್ಟ್ ಎಳೆದು ಸಿಕ್ಕಿಸಿದ, ಗಟ್ಟಿಯಾಗಿದೆಯೋ ಇಲ್ಲವೋ ಎಂದು ಜಗ್ಗಿ ನೋಡಿದ. ಆಮೇಲೆ ಬಂದು ಸ್ಟೇರಿಂಗ್ ಹಿಡಿದ. ನಾನು ಹಿಂದೆ ಹೋಗಿ ಗೊನೆಯನ್ನು ತೊಡೆಯ ಮೇಲಿಟ್ಟುಕೊಂಡೆ.

“ಇವತ್ತ ಗೊನಿ ಜಜ್ಜಂಗಿಲ್ಲೇನು?” ಎಂದಳು ಅತ್ತೆ, ಕೊಂಕಿನಿಂದಲೇ.

ಮಾವ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

“ಜಜ್ಜಿದ್ರ ಜಜ್ಜಲಿ ಬಿಡು,” ಎಂದ. “ಗೊನಿ ಇನ್ನೊಂದು ಸಿಗತತಿ.”