ಅರಿಶಿನ ಹಚ್ಚಿಸಿಕೊಂಡ ಮೀನುಗಳು

ನಮ್ಮ ಭಾವನವರು ಏಳೆಂಟು ವರ್ಷ ಬಿಡದೆ ಗಾಳ ಹಾಕಿ ಮೀನು ಹಿಡಿದರು. ಅವರ ಕೈಯಿಂದ ಒಂದೇ ಒಂದು ಮೀನೂ ಸತ್ತಿಲ್ಲ. ಆ ಗಾಳದಿಂದ ಅರ್ಧ ಪ್ರಾಣ ಕಳೆದುಕೊಂಡ ಜೀವಿ ಇಡೀ ತುಮಕೂರು ಜಿಲ್ಲೆಯಲ್ಲಿ ಒಂದೇ, ಅದು ನಾನು.

ಭಾವನವರು, ಅಂದರೆ ನಮ್ಮ ಅಕ್ಕನ ಗಂಡ, ತುಮಕೂರು ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟವರು. ಹಣೆಯ ಮೇಲೆ ಮೂರು ಪಟ್ಟೆ ವಿಭೂತಿ, ಕೊರಳಲ್ಲಿ ಲಿಂಗ, ಶಿವಪೂಜೆ ಆಗದೆ ಬಾಯಿಗೆ ಒಂದು ತೊಟ್ಟು ಕಾಫಿ ಬಿಡದ ಮನುಷ್ಯ. ಅವರ ಮನೆಯಲ್ಲಿ ಮೀನಿನ ಹೆಸರೆತ್ತಿದವರು ಬಾಯಿ ಮುಕ್ಕಳಿಸಿಕೊಂಡೇ ಒಳಗೆ ಬರಬೇಕು. ಇಂಥವರಿಗೆ ಈ ಹುಚ್ಚು ಹಿಡಿಸಿದವರು ಯಾರು? ಕೇಳಿದರೆ ಅವರ ಉತ್ತರ ಇಷ್ಟು: "ಯಾರೂ ಹಿಡಿಸಲಿಲ್ಲ ಕಣಯ್ಯ. ಒಂದಿನ ಕೆರೆ ಏರಿ ಮೇಲೆ ಹೋಗ್ತಿದ್ದೆ. ಒಬ್ಬ ಗಾಳದ ಕೋಲು ಹಿಡ್ಕೊಂಡು ಕೂತಿದ್ದ. ಒಂದ್ನಿಮಿಷ ಹಿಡ್ಕೊಳ್ಳಿ ಸ್ವಾಮಿ, ಎಲೆಅಡಿಕೆ ಹಾಕ್ಕೋತೀನಿ ಅಂದ. ಹಿಡ್ಕೊಂಡೆ." ಆ ಪುಣ್ಯಾತ್ಮ ಎಲೆಗೆ ಸುಣ್ಣ ಸವರಿ ಮುಗಿಸುವಷ್ಟರಲ್ಲಿ ನನ್ನ ಏಳೆಂಟು ವರ್ಷದ ಭಾನುವಾರಗಳು ನೀರುಪಾಲಾಗಿದ್ದವು.

ಅವರ ಹುಚ್ಚಿಗೆ ನನ್ನ ಭಾನುವಾರ ಏಕೆ ಎಂದು ನೀವು ಕೇಳಬಹುದು. ಅದು ಅಕ್ಕನ ಕಾನೂನು. "ಆ ಕೋಲು ನನ್ನ ಹೊಸಿಲು ದಾಟಿತೋ, ನಾನು ತೌರಿಗೆ ಹೋಗ್ತೀನಿ" ಎಂದು ಅವಳು ಒಂದೇ ಸಲ ಹೇಳಿದಳು. ಅಪ್ಪ ಅಮ್ಮ ಇಬ್ಬರೂ ತೀರಿಹೋಗಿದ್ದರಿಂದ ತೌರು ಎಂದರೆ ಗುಬ್ಬಿಯಲ್ಲಿ ಸ್ಕೂಲು ಮೇಷ್ಟ್ರಾಗಿದ್ದ ನಾನೊಬ್ಬನೇ. ನನ್ನ ಬಾಡಿಗೆ ಕೋಣೆಯಲ್ಲಿ ಕಾಲು ಚಾಚಿದರೆ ಎದುರು ಗೋಡೆಗೆ ತಗಲುತ್ತಿತ್ತು. ಅಲ್ಲಿಗೆ ಅಕ್ಕ ಬರುವ ಬದಲು ಕೋಲು ಬಂತು. ಹತ್ತು ಅಡಿಯ ಬಿದಿರು ಕೋಲು, ಜೇನುಮೇಣ ತಿಕ್ಕಿದ ಹುರಿದಾರ, ನೀರಿನ ಮೇಲೆ ತೇಲುವುದಕ್ಕೆ ನವಿಲುಗರಿಯ ದಂಟು. ಸೂರಿನ ತೊಲೆಗಳ ಮಧ್ಯೆ ಅದನ್ನು ಸಿಕ್ಕಿಸಿದರೆ ಅರ್ಧ ಕೋಲು ಬಾಗಿಲಿನಿಂದ ಹೊರಗೆ ಚಾಚಿಕೊಂಡಿರುತ್ತಿತ್ತು. ಬೀದಿಯಲ್ಲಿ ಹೋಗುವ ಎಮ್ಮೆಗಳು ಅದಕ್ಕೆ ಕೊಂಬು ಉಜ್ಜಿಕೊಂಡು ಹೋಗುತ್ತಿದ್ದವು.

ಭಾನುವಾರ ಬೆಳಗಿನ ರೈಲಿಗೆ ಭಾವನವರು ಗುಬ್ಬಿಗೆ ಬಂದಿಳಿಯುತ್ತಿದ್ದರು. ಎಲ್ಲರೂ ಗಾಳಕ್ಕೆ ಎರೆಹುಳ ಸಿಕ್ಕಿಸುತ್ತಾರೆ. ಇವರು ಒಪ್ಪುವುದುಂಟೆ? "ಹುಳಕ್ಕೂ ಜೀವ ಇದೆಯಲ್ಲಯ್ಯ." ಹಾಗಾದರೆ ಮೀನಿಗಿಲ್ಲವೆ ಎಂದು ಕೇಳಿದೆ. "ಮೀನನ್ನ ನಾನು ಕೊಲ್ಲಲ್ಲವಲ್ಲ, ಕರೀತೀನಿ ಅಷ್ಟೆ" ಎಂದರು. ಕರೆದು ಊಟಕ್ಕೆ ಹಾಕುವುದು ರಾಗಿಮುದ್ದೆ. ಅದಕ್ಕೆ ಕಡಲೆಕಾಯಿ ಹಿಂಡಿಯ ಪುಡಿ ಬೆರೆಸಿ, ಚಿಟಿಕೆ ಇಂಗು ಹಾಕಿ ನಾದಬೇಕು. ನಾದುವವನು ನಾನು. ವಾರಪೂರ್ತಿ ಹೋಟೆಲಿನ ಆರಿದ ಇಡ್ಲಿ ತಿನ್ನುವ ನಾನು ಗುಬ್ಬಿ ಕೆರೆಯ ಗೆಂಡೆ ಮೀನುಗಳಿಗೆ ಬಿಸಿ ಮುದ್ದೆ ತೊಳಸುತ್ತಿದ್ದೆ. ಅದರಲ್ಲಿ ಭಾವನವರು ಕಾಳಿನಷ್ಟು ಕಿತ್ತು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, "ಉಪ್ಪು ಕಮ್ಮಿ ಆಗಿದೆ ಕಣಯ್ಯ" ಎನ್ನುತ್ತಿದ್ದರು.

ಕೆರೆಯಲ್ಲಿ ಇನ್ನೊಂದು ಶಿಕ್ಷೆ. ಮಾತಾಡಬಾರದು, ಕೆಮ್ಮಬಾರದು, ನನ್ನ ನೆರಳು ನೀರಿನ ಮೇಲೆ ಬೀಳಬಾರದು. ನವಿಲುಗರಿಯ ದಂಟು ಒಂದು ಸಲ ಮುಳುಗಿ ಎದ್ದರೆ ಭಾವನವರ ಉಸಿರೂ ಅದರ ಜೊತೆಗೆ ಮುಳುಗಿ ಏಳುತ್ತಿತ್ತು. ಮೀನು ಸಿಕ್ಕಿತೆನ್ನಿ. ಮೊದಲು ಕೈ ಒದ್ದೆ ಮಾಡಿಕೊಳ್ಳುವರು, ಒಣಗೈ ತಗುಲಿದರೆ ಅದರ ಮೈ ಉರಿಯುತ್ತದಂತೆ. ಗಾಳವನ್ನು ಮುಳ್ಳು ತೆಗೆದ ಹಾಗೆ ಬಿಡಿಸುವರು. ಆಮೇಲೆ ಸೊಂಟದಿಂದ ಪುಟ್ಟ ಬಟ್ಟೆಯ ಗಂಟು ತೆಗೆದು, ಅದರಲ್ಲಿದ್ದ ಅರಿಶಿನವನ್ನು ಮೀನಿನ ತುಟಿಯ ಗಾಯಕ್ಕೆ ಹಚ್ಚುವರು. "ಹೋಗವ್ವ, ತಪ್ಪಾಯ್ತು" ಎಂದು ನೀರಿಗೆ ಬಿಡುವರು. ನೀರಿನಲ್ಲಿ ಅರಿಶಿನ ಎಷ್ಟು ಹೊತ್ತು ನಿಲ್ಲುತ್ತದೆ ಭಾವ ಎಂದು ಕೇಳಿದ್ದಕ್ಕೆ ಎರಡು ಭಾನುವಾರ ನನ್ನ ಜೊತೆ ಮಾತು ಬಿಟ್ಟಿದ್ದರು. ನನ್ನ ಜೀವನದಲ್ಲಿ ಅವು ಒಳ್ಳೆಯ ಭಾನುವಾರಗಳು.

ಕೆರೆ ಏರಿಯ ಮೇಲೆ ದನ ಹೊಡೆದುಕೊಂಡು ಹೋಗುವ ಒಬ್ಬ ಮುದುಕನಿಗೆ ಇದನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತಿತ್ತು.

"ನೀವಂತೂ ತಿನ್ನಕ್ಕಿಲ್ಲ ಸ್ವಾಮಿ. ನಮಗಾರ ಕೊಡಬಾರ್ದಾ?"

"ಕೊಡೋಕೆ ಅದೇನು ನನ್ನದೇನಪ್ಪ?"

"ನಿಮ್ದಲ್ಲ ಅಂದ್ಮೇಕೆ ಹಿಡಿಯೋದ್ಯಾಕೆ? ಬುಡು ಅತ್ಲಾಗೆ!"

ಭಾವನವರು ಗಾಳಕ್ಕೆ ಇನ್ನೊಂದು ಕಾಳು ಮುದ್ದೆ ಸಿಕ್ಕಿಸಿದರು. ನಾನೂ ಮೊದಲಿನಿಂದ ಕೇಳಬೇಕೆಂದಿದ್ದು ಇದನ್ನೇ.

ಇಷ್ಟಕ್ಕೇ ನಿಂತಿದ್ದರೆ ಸಹಿಸುತ್ತಿದ್ದೆ. ನನ್ನ ಮದುವೆಗೇ ಸಂಚಕಾರ ಬಂತು. ಹೆಬ್ಬೂರಿನಿಂದ ಹೆಣ್ಣಿನ ಕಡೆಯ ಹಿರಿಯರೊಬ್ಬರು ಹುಡುಗನ ನಡತೆ ನೋಡಲೆಂದು ಒಂದು ಶನಿವಾರ ಹೇಳದೆ ಕೇಳದೆ ಗುಬ್ಬಿಗೆ ಬಂದರು. ಒಳ್ಳೆಯ ಮನೆತನ, ನನಗೂ ಮನಸ್ಸಿತ್ತು. ಕೂರಿಸಿ ಮಜ್ಜಿಗೆ ಕೊಟ್ಟೆ. ಲೋಟ ಬಾಯಿಗೆ ಎತ್ತುವಾಗ ಅವರ ಕಣ್ಣು ಸೂರಿನ ಕಡೆಗೆ ಹೋಯಿತು. ಕೋಲು ನೋಡಿದರು, ದಾರ ನೋಡಿದರು, ದಾರದ ತುದಿಯಲ್ಲಿ ತೂಗುವ ಕೊಕ್ಕೆ ನೋಡಿದರು. ಲೋಟ ಕೆಳಗಿಟ್ಟು, "ನಮ್ಮದು ಶಿವಪೂಜೆ ಮಾಡೋ ಮನೆ ಕಣಪ್ಪ" ಎಂದು ಎದ್ದರು. ಅದು ನಮ್ಮ ಭಾವನದು ಎಂದೆ. ತಪ್ಪು ಮಾಡಿ ಸಿಕ್ಕಿಬಿದ್ದ ಎಷ್ಟು ಜನರ ಬಾಯಲ್ಲಿ ಅವರು ಇಂಥ ಮಾತು ಕೇಳಿದ್ದರೋ, ತಿರುಗಿ ಕೂಡ ನೋಡಲಿಲ್ಲ. ಮರುದಿನ ಭಾವನವರ ಮುಂದೆ ಅಳುವುದೊಂದು ಬಾಕಿ ಇಟ್ಟು ಎಲ್ಲ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಕೊಕ್ಕೆಗೆ ಕೈ ಹಾಕಲಿಲ್ಲ ತಾನೆ? ಚೂಪು ಹೋಗುತ್ತೆ" ಎಂದರು.

ನನಗೆ ಇಪ್ಪತ್ತೊಂಬತ್ತು ತುಂಬಿತು. ಅಕ್ಕ ಕಣ್ಣೀರು ಹಾಕಲು ಶುರುಮಾಡಿದಳು. ಆಗ ಕುಣಿಗಲ್ಲಿನ ಸಂಬಂಧ ಬಂತು. ತೆಂಗಿನಕಾಯಿ ವ್ಯಾಪಾರದವರ ಮಗಳು. ನನ್ನ ಕಡೆಯಿಂದ ಹಿರಿಯರು ಎಂದರೆ ಭಾವನವರೇ ಬರಬೇಕು. "ಮೀನಿನ ಸುದ್ದಿ ಎತ್ತಿದ್ರೆ ನೋಡಿ" ಎಂದು ಅಕ್ಕ ಅವರಿಂದ ಮಾತು ತೆಗೆದುಕೊಂಡು, ತಲೆಗೆ ಜರಿಪೇಟ ಸುತ್ತಿಸಿ ಬಸ್ಸು ಹತ್ತಿಸಿದಳು. ಆದರೆ ಕುಣಿಗಲ್ಲಿನ ದೊಡ್ಡಕೆರೆಗೆ ಹೇಳುವವರು ಯಾರು? ಅದು ಆ ವಾರವೇ ತುಂಬಿ ಕೋಡಿ ಬಿದ್ದಿತ್ತು. ಕೋಡಿ ನೀರು ಧುಮುಕುವ ಕಡೆ ಮೀನುಗಳು ಪ್ರವಾಹಕ್ಕೆ ಎದುರಾಗಿ ಹಾರುತ್ತವೆ ಎಂದು ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಭಾವನವರು ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದರು.

ಹೆಣ್ಣಿನ ಮನೆಯಲ್ಲಿ ಎಲ್ಲ ಸರಿಯಾಗಿಯೇ ನಡೆಯಿತು. ಹುಡುಗಿ ಉಪ್ಪಿಟ್ಟು ತಂದಿಟ್ಟು ಹೋದಳು. ಭಾವನವರು ತಟ್ಟೆ ಖಾಲಿ ಮಾಡಿ, "ಕೈ ತೊಳ್ಕೊಂಡು ಬರ್ತೀನಿ" ಎಂದು ಎದ್ದರು. ಅಷ್ಟೆ. ಹತ್ತು ನಿಮಿಷವಾಯಿತು, ಇಪ್ಪತ್ತು ನಿಮಿಷವಾಯಿತು. ಹಿತ್ತಿಲಿನಾಚೆಯಿಂದ ಕೋಡಿಯ ಭೋರ್ಗರೆತ ಕೇಳುತ್ತಿತ್ತು. ನೋಡಿಕೊಂಡು ಬರುತ್ತೇನೆ ಎಂದು ಎದ್ದರೆ ಹುಡುಗಿಯ ತಂದೆಯೂ ಹೊರಟರು.

ಅರ್ಧ ಊರು ಅಲ್ಲಿತ್ತು. ನೊರೆ ನೀರಿನಲ್ಲಿ ಮೊಣಕಾಲು ಮುಳುಗುವಂತೆ, ಪಂಚೆ ಎತ್ತಿ ಕಟ್ಟಿ, ಜರಿಪೇಟ ಸಮೇತ ಭಾವನವರು ನಿಂತಿದ್ದರು. ಕೈಯಲ್ಲಿ ಯಾರದೋ ಕೋಲು. ಪಕ್ಕದ ಬಂಡೆಯ ಮೇಲೆ ಕೋಲಿನ ಯಜಮಾನ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದ.

ಭಾವನವರು ಮೊಳದುದ್ದದ ಗೆಂಡೆ ಎತ್ತಿ ತಿರುಗಿದರು. ನಮ್ಮಿಬ್ಬರನ್ನೂ ನೋಡಿದರು. ಬೇರೆ ಯಾರಾದರೂ ಆಗಿದ್ದರೆ ಮೀನನ್ನು ಎಸೆದು ಓಡಿಬರುತ್ತಿದ್ದರು. ಇವರು ಸಾವಧಾನವಾಗಿ ಗಾಳ ಬಿಡಿಸಿ, ಅರಿಶಿನ ಹಚ್ಚಿ, "ಹೋಗವ್ವ, ತಪ್ಪಾಯ್ತು" ಎಂದು ಬಿಟ್ಟು, ಆಮೇಲೆ ಮೇಲೆ ಹತ್ತಿ ಬಂದು ಒದ್ದೆ ಕೈ ಮುಗಿದರು.

"ಯಜಮಾನ್ರೇ, ಹುಚ್ಚು ನಂದು. ಹುಡುಗಂದು ಏನೂ ತಪ್ಪಿಲ್ಲ, ಮೀನು ಕಂಡ್ರೆ ಮೂಗು ಮುಚ್ಕೊಳ್ಳೋನು. ಇವತ್ತಿಗೆ ಬಿಟ್ಟೆ. ಕೊರಳಲ್ಲಿರೋ ಲಿಂಗದ ಸಾಕ್ಷಿ, ಇನ್ನು ನಾನು ಕೋಲು ಮುಟ್ಟಲ್ಲ."

ಹುಡುಗಿಯ ತಂದೆ ಮೀನು ಹೋದ ಕಡೆ ಒಮ್ಮೆ ನೋಡಿ, "ಮನೆಗೆ ನಡೀರಿ, ಕಾಫಿ ಆರೋಗುತ್ತೆ" ಎಂದರು. ವಾರದಲ್ಲಿ ಒಪ್ಪಿಗೆಯ ಕಾಗದ ಬಂತು. ಆಣೆಯಿಂದಲೇ ಕೆಲಸವಾಯಿತು ಎಂದುಕೊಂಡು ನಾನು ಮದುವೆಯಾದೆ. ದಾರ, ಕೊಕ್ಕೆ ಕಳಚಿದ ಕೋಲು ಕೊನೆಗೂ ಅಕ್ಕನ ಹೊಸಿಲು ದಾಟಿ, ಒಗೆದ ಬಟ್ಟೆಯನ್ನು ಎತ್ತರದ ತಂತಿಗೆ ಹಾಕುವ ಕೋಲಾಯಿತು.

ಇದೆಲ್ಲ ಆಗಿ ಒಂಬತ್ತು ವರ್ಷ. ಈಗ ಕಾಲ ಬದಲಾಗಿದೆ. ಹುರಿದಾರ ಹೋಗಿ ನೈಲಾನ್ ದಾರ ಬಂದಿದೆ, ಅದಕ್ಕೆ ಮೇಣ ತಿಕ್ಕಬೇಕಾಗಿಲ್ಲ. ನವಿಲುಗರಿಯ ಬದಲು ಕೆಂಪು ಪ್ಲಾಸ್ಟಿಕ್ಕಿನ ಬೆಂಡು. ಯಡಿಯೂರಿನ ಹತ್ತಿರದ ಜಲಾಶಯಕ್ಕೆ ಬೆಂಗಳೂರಿನವರು ಕಾರಿನಲ್ಲಿ ಬಂದು, ಚಕ್ರವಿರುವ ಕೋಲಿನಿಂದ ನೂರು ಅಡಿ ದೂರಕ್ಕೆ ಗಾಳ ಬೀಸುತ್ತಾರಂತೆ. ಅಂಗಡಿಗೆ ಬಂದವರು ಯಾರಾದರೂ ಇದನ್ನು ಹೇಳಿದರೆ ಭಾವನವರು ಬಟ್ಟೆ ಅಳೆಯುತ್ತಲೇ ಒಂದು ಪ್ರಶ್ನೆ ಕೇಳುವರು: "ಆ ನೈಲಾನು, ಮೀನು ಮೂತಿ ಇಟ್ಟಿದ್ದನ್ನ ಕೈಗೆ ಹೇಳುತ್ತಾ?" ಕೆರೆ ಏರಿಯ ಹತ್ತಿರದ ದಾರಿ ಬಿಟ್ಟು ಸುತ್ತು ಹಾಕಿ ಮನೆಗೆ ಹೋಗುವರು.

ನನಗೆ ನೆಮ್ಮದಿ ಸಿಕ್ಕಿತು ಎಂದುಕೊಂಡಿರಾ? ಈಗಲೂ ಅವರು ಪ್ರತಿ ಭಾನುವಾರ ರೈಲಿನಲ್ಲಿ ಬರುತ್ತಾರೆ! ಬಂದು ನನ್ನ ಮನೆಯ ಬೀಗಗಳಿಗೆ ಎಣ್ಣೆ ಬಿಡುತ್ತಾರೆ, ಚೆನ್ನಾಗಿ ನಡೆಯುವ ಗಡಿಯಾರ ಬಿಚ್ಚುತ್ತಾರೆ, ನಾನು ತಿದ್ದಿದ ಪರೀಕ್ಷೆ ಪೇಪರನ್ನು ಮತ್ತೆ ತಿದ್ದುತ್ತಾರೆ. ಊಟಕ್ಕೆ ಕೂತರೆ ಮುದ್ದೆಯನ್ನು ಕಾಳುಕಾಳಾಗಿ ಉಂಡೆ ಕಟ್ಟಿ ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಾರೆ.

ಹೋದ ತಿಂಗಳು ಅವರು ಗಡಿಯಾರ ಕೆಡಿಸಿ ಹೋದ ಮೇಲೆ ನಾನು ಹೆಂಡತಿಯ ಮುಂದೆ ರೇಗಿದೆ. "ಇವರು ಆವತ್ತು ಆಣೆ ಹಾಕದೆ ಇದ್ದಿದ್ರೆ ನಿಮ್ಮಪ್ಪ ನಿನ್ನನ್ನ ಕೊಡ್ತಿರಲಿಲ್ಲ ಅಂತ ಸುಮ್ನಿದೀನಿ, ಇಲ್ದಿದ್ರೆ..."

"ಯಾವ ಆಣೆ?" ಎಂದಳು. ನಮ್ಮ ಅಕ್ಕನ ಗಲಾಟೆಗೆ ಗಾಳ ಬಿಟ್ಟರು ಎಂದು ಅವಳು ಇಷ್ಟು ವರ್ಷ ತಿಳಿದುಕೊಂಡಿದ್ದಳು. ಅವಳಪ್ಪ ಕೋಡಿಯಿಂದ ಬಂದವರು ಅವಳನ್ನು ಒಳಗೆ ಕರೆದು ಹೇಳಿದ್ದು ಬೇರೆಯೇ ಮಾತು: "ಆ ಹುಡುಗನ ಭಾವ ಮೀನಿನ ತುಟಿಗೆ ಅರಿಶಿನ ಹಚ್ಚಿ ಕಳಿಸ್ದ ಕಣವ್ವ. ಆ ಮನೇಲಿ ನಿನಗೆ ಯಾರೂ ನೋವು ಮಾಡಲ್ಲ. ಒಪ್ಕೋ."

"ಅದಕ್ಕೇ ಒಪ್ಕೊಂಡೆ. ನಿಮ್ಮನ್ನ ನಾನು ಸರಿಯಾಗಿ ನೋಡಿರ್ಲೂ ಇಲ್ಲ" ಎಂದಳು.

ಯಾರೂ ಕೇಳದ ಆಣೆ ಅದು. ಒಂಬತ್ತು ವರ್ಷದಲ್ಲಿ ನಾನು ಒಂದು ಸಲ ಮಾವನವರನ್ನು ವಿಚಾರಿಸಿದ್ದರೆ ತಿಳಿಯುತ್ತಿತ್ತು. ವಿಚಾರಿಸಲಿಲ್ಲ, ಏಕೆಂದರೆ ಮುದ್ದೆ ನಾದುವ ಕಾಟ ತಪ್ಪಿದ್ದೇ ನನಗೆ ಸಾಕಾಗಿತ್ತು. ನಾಚಿಕೆಯಾಯಿತು.

ಮುಂದಿನ ಭಾನುವಾರ ನೈಲಾನ್ ದಾರ, ಕೊಕ್ಕೆ ಕೊಂಡುಕೊಂಡು ನಾನೇ ಬೆಳಿಗ್ಗೆ ಎದ್ದು ತುಮಕೂರಿಗೆ ಹೋಗಿ ಎಲ್ಲ ಹೇಳಿದೆ. ಭಾವನವರು ಜಗ್ಗಲಿಲ್ಲ. "ಆಣೆ ನಿನ್ನ ಮಾವನ ಮೇಲೆ ಹಾಕಿದ್ದಲ್ಲವಲ್ಲಯ್ಯ. ಲಿಂಗದ ಸಾಕ್ಷಿ ಹೇಳಿದೀನಿ. ಕೋಲು ಮುಟ್ಟಲ್ಲ."

ಹಿತ್ತಿಲಿನಲ್ಲಿ ಬಟ್ಟೆ ಹರವುತ್ತಿದ್ದ ಅಕ್ಕ ಒಳಗೆ ಬಂದಳು. ಕೈಯಲ್ಲಿದ್ದ ಕೋಲನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. "ಅವರು ತಾನೇ ಮುಟ್ಟಬಾರದು? ನೀನು ಮುಟ್ಟು. ಕರ್ಕೊಂಡು ಹೋಗೋ, ನನ್ನ ಮನೇಲಿ ಇನ್ನು ಬಿಚ್ಚೋಕೆ ಗಡಿಯಾರ ಉಳಿದಿಲ್ಲ" ಎಂದವಳು ಒಳಗೆ ಹೋಗಿ ಮುದ್ದೆ ತೊಳಸಿ, ಬಾಳೆಲೆಯಲ್ಲಿ ಸುತ್ತಿ ತಂದಳು. ಹಿಂಡಿ, ಇಂಗು ಎಲ್ಲ ಬಿದ್ದಿತ್ತು. ಇವಳಿಗೆ ಇದೆಲ್ಲ ಯಾವಾಗ ಗೊತ್ತಾಯಿತೋ!

ಗುಬ್ಬಿ ಕೆರೆಯಲ್ಲಿ ನಾನು ಗಾಳ ಹಾಕಿದೆ. ಭಾವನವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತು ಒಂದು ಗಂಟೆ ನನ್ನ ಪ್ರಾಣ ತಿಂದರು. ನೆರಳು ಬೀಳ್ತಿದೆ, ಕೋಲು ಮೇಲಾಯ್ತು, ಉಸಿರು ಜೋರಾಯ್ತು. ರೇಗಿ ಕೋಲು ಎಸೆದು ಎದ್ದುಬಿಡಬೇಕು ಎನ್ನುವಾಗ ದಾರ ಸೆಳೆಯಿತು. ಅಂಗೈಯಗಲದ ಗೆಂಡೆ. ಕೈ ಒದ್ದೆ ಮಾಡಿಕೊಂಡು ಹಿಡಿದು, ಗಾಳ ಬಿಡಿಸಿ ಅವರ ಕಡೆ ಚಾಚಿದೆ. ಭಾವನವರ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅದೇ ಪುಟ್ಟ ಗಂಟು.

"ಒಂಬತ್ತು ವರ್ಷದ ಹಳೇ ಅರಿಶಿನವಾ ಭಾವ?"

"ಅಷ್ಟು ದಿನ ಇಟ್ರೆ ಹುಳ ಬೀಳುತ್ತೆ ಕಣಯ್ಯ. ತಿಂಗಳಿಗೊಂದ್ಸಲ ಬದಲಾಯಿಸ್ತಿದ್ದೆ."

ಅವರು ಅರಿಶಿನ ಹಚ್ಚಿದರು. "ಹೂಂ, ಹಿಡಿದೋನು ನೀನು. ತಪ್ಪಾಯ್ತು ಅಂತ ಹೇಳು" ಎಂದರು.

ನಾನು ಅವರ ಮುಖ ನೋಡುತ್ತ, "ತಪ್ಪಾಯ್ತು" ಎಂದೆ.

"ನನಗಲ್ಲ ಕಣಯ್ಯ" ಎಂದರು ಭಾವನವರು. "ಅದಕ್ಕೆ ಹೇಳು."