ಕುಡಿತ ಬಿಡುವವರ ಸಭೆಯಲ್ಲಿ ನನ್ನ ಪ್ರತಿವಾದ

ಕುಡಿತ ಬಿಡು ಎಂದು ಆರು ವರ್ಷ ನಾನು ಎಡೆಬಿಡದೆ ವಾದಿಸಿದ ಮೇಲೆ ನನ್ನ ಅಣ್ಣ ದಿನೇಶ ಕೊನೆಗೂ ಬಾಯಿ ಬಿಟ್ಟ.

“ಕುಡಿತ ಬಿಡುವವರ ಸಭೆ ಅಂತ ಎಂತದೋ ಉಂಟಂತಲ್ಲ, ಈ ಆದಿತ್ಯವಾರ ಬರ್ತೇನೆ. ಒಂದು ಸಲ. ಜಾಗ ನೀನೇ ಹುಡುಕು. ಸಿಗದಿದ್ದರೆ ಮತ್ತೆ ಈ ಸುದ್ದಿ ಎತ್ತಬಾರದು.”

ಒಪ್ಪಿದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳನ್ನು ಗೆದ್ದು ಗೆದ್ದು ಸಾಕಾದವಳು ನಾನು. ಒಂದು ಜಾಗ ಹುಡುಕುವುದು ಯಾವ ಮಹಾ ಕೆಲಸ!

ಮದ್ಯದಂಗಡಿಗಾದರೆ ದಾರಿ ಕೇಳಲೇಬೇಕಿಲ್ಲ. ಬಸ್ಸಿನ ಕಂಡಕ್ಟರ್ ಅದನ್ನೇ ಸ್ಟಾಪಿನ ಹೆಸರು ಮಾಡಿ ಕೂಗುತ್ತಾನೆ. ಅದರ ಮುಂದೆ ಗಂಡಸರು ಶಾಲೆಯ ಅಸೆಂಬ್ಲಿಯಲ್ಲೂ ತೋರಿಸದ ಶಿಸ್ತಿನಿಂದ ಸಾಲು ನಿಂತಿರುತ್ತಾರೆ. ಬಿಡುವ ಜಾಗಕ್ಕೆ ಮಾತ್ರ ಬೋರ್ಡಿಲ್ಲ, ಬಾಣದ ಗುರುತೂ ಇಲ್ಲ. ಇದು ಯಾವ ಸೀಮೆಯ ನ್ಯಾಯ?

ಮಾಹಿತಿ ಸಿಗಬಹುದೆಂದು ನಮ್ಮ ಗಡಿನಾಡಿನ ವಿದ್ಯಾನಗರದಲ್ಲಿರುವ ಒಂದು ಸರಕಾರಿ ಕಚೇರಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಗುಮಾಸ್ತರು ಮಲಯಾಳದ ಒಂದು ಫಾರ್ಮು ಮುಂದೆ ತಳ್ಳಿದರು. ಕನ್ನಡದ್ದು ಕೊಡಿ ಎಂದೆ. “ಮುಗಿದಿದೆ. ಮುಂದಿನ ವಾರ ಬನ್ನಿ.” ಸಿಟ್ಟು ನೆತ್ತಿಗೇರಿತು. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ನಿಂತಲ್ಲೇ ಇಪ್ಪತ್ತು ನಿಮಿಷ ಮಾತಾಡಿದೆ. ಅದ್ಭುತವಾಗಿ ಮಾತಾಡಿದೆ. ಹಿಂದಿದ್ದ ಇಬ್ಬರು ಚಪ್ಪಾಳೆ ತಟ್ಟಿದರು. ಗುಮಾಸ್ತರು ಊಟಕ್ಕೆ ಎದ್ದು ಹೋದರು.

ಸಭೆಯ ಜಾಗ ಕೇಳಲೇ ಇಲ್ಲವೆಂಬುದು ಬಸ್ಸು ಹತ್ತಿದ ಮೇಲೆ ನೆನಪಾಯಿತು!

ಶನಿವಾರ ಉಪ್ಪಳ ಪೇಟೆಯಲ್ಲಿ ಹಮೀದ್ ಕಾಕನ ದಿನಸಿ ಅಂಗಡಿಗೆ ಹೋದೆ. ಅವರಿಗೆ ತಿಳಿಯದ ಸಂಗತಿ ಪೇಟೆಯಲ್ಲಿ ನಡೆಯುವುದೇ ಇಲ್ಲ.

“ಕಾಕ, ಕುಡಿತ ಬಿಡುವವರ ಸಭೆ ಎಲ್ಲಿ ನಡೆಯುವುದು?”

ಕಾಕ ಕೈಯಲ್ಲಿದ್ದ ಬೆಲ್ಲ ಕೆಳಗಿಟ್ಟರು. “ಯಾರಿಗೆ ಮಗಳೇ?”

“ಅದು ಹೇಳುವ ಹಾಗಿಲ್ಲ. ಗೌಪ್ಯತೆ ಎಲ್ಲರ ಮೂಲಭೂತ ಹಕ್ಕು.”

“ಮನೆಯವರಿಗೆ ಗೊತ್ತುಂಟಾ?”

“ಯಾರಿಗೂ ಗೊತ್ತಾಗಬಾರದು!”

ಕಾಕನ ಕಣ್ಣು ತೇವವಾಯಿತು. “ಇಷ್ಟು ಓದಿದ ಹುಡುಗಿ…” ಎನ್ನುತ್ತ ಒಂದು ಪೊಟ್ಟಣ ಖರ್ಜೂರ ಕೈಗಿಟ್ಟರು. ವಿಚಾರಿಸಿ ಹೇಳುತ್ತೇನೆ, ಧೈರ್ಯವಾಗಿರು ಎಂದರು. ಆಗಲಾದರೂ ನನಗೆ ಸಂಶಯ ಬರಬೇಕಿತ್ತು. ದೇವರನ್ನೇ ಸಂಶಯಿಸುವವಳಿಗೆ ಖರ್ಜೂರದ ಮೇಲೆ ಸಂಶಯ ಬರಲಿಲ್ಲ!

ಕಾಕ ವಿಚಾರಿಸಿದರು. ಚೆನ್ನಾಗಿಯೇ ವಿಚಾರಿಸಿದರು. ಆದಿತ್ಯವಾರ ಬೆಳಿಗ್ಗೆ ನೆರೆಮನೆಯ ಸುಮತಿಯಕ್ಕ ಕಂಪೌಂಡಿನ ಆಚೆಯಿಂದ ಕರೆದರು.

“ಎಂತ ಮಾರಾಯ್ತಿ, ಯಾವಾಗಿಂದ ಶುರು ಮಾಡಿದ್ದು ನೀನು?”

“ಎಂತದ್ದು?”

“ನನ್ನ ಹತ್ತಿರ ಅಡಗಿಸಬೇಡ. ಇಡೀ ಪೇಟೆಯಲ್ಲಿ ಉಂಟು ಸುದ್ದಿ. ಅಲ್ಲ, ಅಣ್ಣ ಕುಡಿಯುವುದು ಸಾಲದೆ ನೀನೂ…”

‘ಮೊದಲನೆಯದಾಗಿ’ ಎನ್ನಲು ನಾನು ಬೆರಳೆತ್ತಿದೆ. ಹಿಂದೆ ಹಲ್ಲುಜ್ಜುತ್ತಿದ್ದ ಅಣ್ಣ ನಗುವುದು ಕೇಳಿಸಿತು. ನಕ್ಕು ನಕ್ಕು ಮೆಟ್ಟಿಲ ಮೇಲೆ ಕುಳಿತೇಬಿಟ್ಟ. ಅವನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ!

“ಹೌದು ಸುಮತಿಯಕ್ಕ, ಭಾರೀ ಕಷ್ಟ ಇವಳದ್ದು. ನಾನೇ ಕರಕೊಂಡು ಹೋಗುವ ಅಂತ ಇದ್ದೆ. ಜಾಗವೇ ಗೊತ್ತಿಲ್ಲ.”

ಸುಮತಿಯಕ್ಕ ದನಿ ತಗ್ಗಿಸಿದರು. “ನಮ್ಮವರು ನಾಲ್ಕು ವರ್ಷದಿಂದ ಅಲ್ಲಿಗೇ ಅಲ್ವಾ ಹೋಗುವುದು! ಟ್ಯೂಷನ್ ಸೆಂಟರಿನ ಮಾಳಿಗೆ. ಸಂಜೆ ನಾಲ್ಕಕ್ಕೆ.”

ಅವರ ಗಂಡ ಶೀನಣ್ಣ! ಆದಿತ್ಯವಾರ ಅವರು ಭಜನೆಗೆ ಹೋಗುತ್ತಾರೆಂದು ನಾವು ತಿಳಿದಿದ್ದೆವು. ನಾನು ಬಸ್ಸು ಹತ್ತಿ ಭಾಷಣ ಬಿಗಿದು ಬಂದಿದ್ದೆ. ಜಾಗ ಗೊತ್ತಿದ್ದವರು ಕಂಪೌಂಡಿನ ಆಚೆ! (ಇಲ್ಲಿ ಎಲ್ಲರ ಹೆಸರನ್ನೂ ಬದಲಿಸಿದ್ದೇನೆ. ನನ್ನದನ್ನು ಬದಲಿಸಿ ಪ್ರಯೋಜನವಿಲ್ಲ. ಪೇಟೆಗೆಲ್ಲ ಗೊತ್ತಾಗಿದೆ.)

ಮಾಳಿಗೆಯಲ್ಲಿ ಹತ್ತು ಜನ, ಒಂದು ಫ್ಲಾಸ್ಕ್ ಚಹಾ. ಅಂದು ಮನೆಯವರೂ ಕೂರಬಹುದಿತ್ತು. ಕೂತೆ. ಒಬ್ಬರು ಎದ್ದು ಹೇಳಿದರು, “ನಾಳೆಯದ್ದು ನನಗೆ ಗೊತ್ತಿಲ್ಲ. ಇವತ್ತು ಕುಡಿಯುವುದಿಲ್ಲ.”

ನನಗೆ ತಡೆಯಲಾಗಲಿಲ್ಲ. ಎದ್ದೆ.

“ಮಾನ್ಯರೇ, ಇದರಲ್ಲಿ ತರ್ಕದೋಷವಿದೆ. ಮೊದಲನೆಯದಾಗಿ, ಪ್ರತಿಯೊಂದು ನಾಳೆಯೂ ಇವತ್ತಾಗಿಯೇ ಬರುತ್ತದೆ. ಹಾಗಾದರೆ ನಿಮ್ಮ ಪ್ರತಿಜ್ಞೆ ಒಂದು ದಿನದ್ದೋ, ಆಜೀವವೋ? ಎರಡನೆಯದಾಗಿ…”

ಆ ಮನುಷ್ಯ ಒಮ್ಮೆ ನನ್ನ ಮುಖ ನೋಡಿದರು. ಮೆಲ್ಲನೆ ಕುಳಿತುಬಿಟ್ಟರು.

“ಮಗಾ,” ಎಂದರು ಶೀನಣ್ಣ, “ಇಲ್ಲಿ ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಉತ್ತರ ಕೊಡುವ ಕ್ರಮ ಇಲ್ಲ. ಕೇಳುವುದು ಮಾತ್ರ.”

ಕೇಳುವುದು ಮಾತ್ರ! ಇದೆಂಥ ಸಭೆ? ಪ್ರಶ್ನೆಯಿಲ್ಲದೆ ಸತ್ಯ ಹೊರಬೀಳುವುದು ಹೇಗೆ? ಹೀಗೆಂದು ಕೇಳುವಷ್ಟರಲ್ಲಿ ಅಣ್ಣ ಎದ್ದು ನಿಂತ. ಹೊರಟೇಬಿಟ್ಟ ಎಂದುಕೊಂಡೆ. ಆರು ವರ್ಷ ಎಳೆದು ತಂದವಳೇ ಆರು ನಿಮಿಷದಲ್ಲಿ ಓಡಿಸಿದೆನಲ್ಲ!

ಅವನು ಹೋಗಲಿಲ್ಲ.

“ನಾನು ದಿನೇಶ. ಕುಡಿಯುವುದು ನಾನು, ಇವಳಲ್ಲ. ಇವಳು ನನ್ನ ತಂಗಿ. ದಿನಾ ನನ್ನ ಹತ್ತಿರ ವಾದ ಮಾಡ್ತಾಳೆ, ದಿನಾ ಗೆಲ್ತಾಳೆ. ಇವಳು ಹೇಳುವುದೆಲ್ಲ ಸರಿಯೇ. ಸರಿ ಅಂತ ಗೊತ್ತಾದ ಕೂಡಲೇ ನನಗೆ ಕುಡಿಯಬೇಕು ಅನಿಸುವುದು.”

ಇದಕ್ಕೆ ನನ್ನ ಬಳಿ ಮೂರು ಪ್ರತಿವಾದಗಳಿದ್ದವು. ಮೂರೂ ಬಲವಾದವು. ಕೋಪದಿಂದ ಕಿವಿ ಬಿಸಿಯಾಗಿತ್ತು. ಯಾರ ಮೇಲಿನ ಕೋಪ ಎಂಬುದು ಮಾತ್ರ ಸರಿಯಾಗಿ ಗೊತ್ತಾಗಲಿಲ್ಲ. ಎತ್ತಿದ್ದ ಬೆರಳು ಮಡಚಿ ಕುಳಿತೆ.

ಚಹಾ ಹಂಚುವಾಗ ಅಣ್ಣ ಶೀನಣ್ಣನನ್ನು ಕೇಳಿದ, “ಮುಂದಿನ ಆದಿತ್ಯವಾರವೂ ಬರ್ತೇನೆ. ಇವಳನ್ನು ಕರಕೊಂಡು ಬರಲೇಬೇಕು ಅಂತ ಉಂಟಾ?”

“ಇಲ್ಲ!”

ಹತ್ತೂ ಜನ ಒಟ್ಟಿಗೆ ಹೇಳಿದರು. ಇಲ್ಲಿ ಉತ್ತರ ಕೊಡುವ ಕ್ರಮ ಇಲ್ಲವಂತೆ!